ಗೋಡೆ ತಟ್ಟಿ, ಹಲಗೆ ತೂಗಿ: ನಾಗಂದಿಗೆ ನೀವೇ ಹೊಡೆಯಿರಿ!

(ನಮ್ಮ ವರದಿಗಾರರಿಂದ)

ಹಾಸನ: ಬಾಡಿಗೆ ಮನೆಯಲ್ಲಿ ಸಾಮಾನು ಎಲ್ಲಿರುತ್ತೆ ಹೇಳಿ? ನೆಲದ ಮೇಲೆ. ಅಕ್ಕಿ ಮೂಟೆ ನೆಲದ ಮೇಲೆ, ಮಕ್ಕಳ ಪುಸ್ತಕ ನೆಲದ ಮೇಲೆ, ಒಗೆದ ಬಟ್ಟೆ ಕುರ್ಚಿಯ ಮೇಲೆ, ಕುರ್ಚಿಯಲ್ಲಿ ಕೂರಬೇಕಾದ ಯಜಮಾನರು ಮತ್ತೆ ನೆಲದ ಮೇಲೆ! ಆಷಾಢದ ಮಳೆ ಹಿಡಿದ ಮೇಲೆ ನೆಲ ಬೆವರುತ್ತೆ. ಮೂಟೆಯ ತಳ ಮುಗ್ಗುತ್ತೆ, ಪುಸ್ತಕದ ಅಂಚಿಗೆ ಬೂಷ್ಟು ಹಿಡಿಯುತ್ತೆ, ಮಿಕ್ಕಿದ್ದನ್ನು ಇಲಿರಾಯ ನೋಡಿಕೊಳ್ಳುತ್ತಾನೆ.

ಹಳೇ ಮನೆಗಳಲ್ಲಿ ಈ ಫಜೀತಿ ಇರಲಿಲ್ಲ. ದಪ್ಪ ಗೋಡೆಯಲ್ಲೇ ಗೂಡು, ಅದರ ಮೇಲೆ ಉದ್ದಕ್ಕೂ ನಾಗಂದಿಗೆ, ಅದಕ್ಕೂ ಮೇಲೆ ಅಟ್ಟ. ಈಗಿನ ತೆಳ್ಳನೆಯ ಬ್ಲಾಕ್ ಗೋಡೆಯಲ್ಲಿ ಗೂಡು ಕೊರೆಯೋಕೆ ಹೋದರೆ ಪಕ್ಕದ ಮನೆಯವರ ಒಲೆಯ ಮೇಲೆ ಏನು ಬೇಯ್ತಿದೆ ಅಂತ ಕಾಣಿಸಿಬಿಡುತ್ತೆ.

ಹಾಗಾಗಿ ಜನ ಕಂತಿನ ಮೇಲೆ ರೆಡಿಮೇಡ್ ಕಪಾಟು ತರುತ್ತಾರೆ. ಫಳಫಳ ಹೊಳೆಯುವ ಹಾಳೆಯ ಒಳಗೆ ಇರುವುದು ಮರವಲ್ಲ ಸ್ವಾಮಿ, ಮರದ ಪುಡಿ. ಚೂರು ಚೂರು ಮರಕ್ಕೆ ಅಂಟು ಬೆರೆಸಿ ಒತ್ತಿದ ಪಾರ್ಟಿಕಲ್ ಬೋರ್ಡು. ದಿನಾ ನೆಲ ಒರೆಸುವ ನೀರು ಅದರ ಬುಡಕ್ಕೆ ತಾಗಿ ತಾಗಿ ಬಿಸ್ಕತ್ತು ಚಹಾದಲ್ಲಿ ನೆನೆದ ಹಾಗೆ ಉಬ್ಬುತ್ತೆ. ಉಬ್ಬಿದ್ದು ಮತ್ತೆ ಇಳಿಯೋದಿಲ್ಲ, ಒಣಗಿದರೂ ಇಳಿಯೋದಿಲ್ಲ. ಕಂತು ಮುಗಿಯುವ ಮುಂಚೆ ಕಪಾಟು ಮುಗಿದಿರುತ್ತೆ. ಅಗ್ಗಕ್ಕೆ ಮುಗ್ಗು ಜೋಳ ಕೊಂಡ ಹಾಗಾಯಿತು. ಈಗಾಗಲೇ ತಂದುಬಿಟ್ಟವರು ಒಂದು ಕೆಲಸ ಮಾಡಿ: ನಾಲ್ಕೂ ಮೂಲೆಗೆ ಎರಡಿಂಚಿನ ಕಾಲು ಕೊಟ್ಟು ನೆಲದಿಂದ ಎತ್ತಿಡಿ. ಆಯುಸ್ಸು ಎಷ್ಟೋ ಹೆಚ್ಚುತ್ತೆ.

ಇನ್ನು ಬಡಗಿಯನ್ನು ಕರೆಯೋಣ ಅಂದರೆ, ಒಂದು ಹಲಗೆ ಹೊಡೆಯೋಕೆ ಯಾರೂ ಬರೋದಿಲ್ಲ. ಅವರ ತಪ್ಪಲ್ಲ ಬಿಡಿ. ಅರ್ಧ ದಿನದ ಕೆಲಸಕ್ಕೆ ಹತಾರವೆಲ್ಲ ಹೊತ್ತುಕೊಂಡು ಬಂದರೆ ಮಿಕ್ಕ ಅರ್ಧ ದಿನದ ಕೂಲಿ ಯಾರು ಕೊಡ್ತಾರೆ?

ಉಳಿದದ್ದು ನಮ್ಮ ಕೈ. ಭಾನುವಾರ ಬೆಳಿಗ್ಗೆ ಗರಗಸ ಹಿಡಿದು ಕೂತರೆ ಸಾಯಂಕಾಲಕ್ಕೆ ಒಂದು ಮಣೆ, ಮುಂದಿನ ವಾರ ಒಂದು ನಾಗಂದಿಗೆ, ಅದರಾಚೆ ವಾರ ಒಂದು ನಿಲ್ಲುವ ಗೂಡು. ಯಾವ ಗೃಹಸ್ಥನೂ ಮಾಡಬಹುದಾದ ಕೆಲಸ, ಗೃಹಿಣಿಯೂ ಮಾಡಬಹುದಾದದ್ದು. ಹೊಸಬರ ಕೆಲಸ ಕೆಡುವುದು ಗರಗಸ ಸೊಟ್ಟ ಓಡಿ ಅಲ್ಲ. ಹಸಿ ಹಲಗೆ ತಂದು ಕೆಡುತ್ತೆ, ಗೋಡೆ ನೋಡದೆ ಮೊಳೆ ಹೊಡೆದು ಕೆಡುತ್ತೆ. ಮೊದಲನೆಯದರಲ್ಲಿ ದುಡ್ಡು ಹೋಗುತ್ತೆ. ಎರಡನೆಯದರಲ್ಲಿ ಕೆಳಗೆ ಮಲಗಿದ ಮಗುವಿನ ತಲೆ.

ಯಾವ ಮರ?

ನಮ್ಮ ಜಿಲ್ಲೆಯವರು ಈ ವಿಷಯದಲ್ಲಿ ಪುಣ್ಯವಂತರು. ಸಕಲೇಶಪುರ, ಬೇಲೂರು, ಆಲೂರು ಕಡೆಯ ಕಾಫಿ ತೋಟಗಳಲ್ಲಿ ನೆರಳಿಗೆ, ಮೆಣಸಿನ ಬಳ್ಳಿ ಹಬ್ಬಿಸೋಕೆ ಸಾಲು ಸಾಲಾಗಿ ನಿಂತಿದೆಯಲ್ಲ ಸಿಲ್ವರ್ ಓಕ್, ಅದೇ ಹೊಸಬರಿಗೆ ಹೇಳಿ ಮಾಡಿಸಿದ ಮರ. ಹುಟ್ಟೂರು ಆಸ್ಟ್ರೇಲಿಯಾ, ಬೆಳೆದದ್ದು ಮಲೆನಾಡು. ಹಗುರ, ಗರಗಸಕ್ಕೆ ಮೆತ್ತಗೆ, ಉಜ್ಜಿದರೆ ಮೈಮೇಲೆ ಚುಕ್ಕೆ ಚುಕ್ಕೆ ಹೊಳಪು. ಆದರೆ ನೀರಿಗೂ ಗೆದ್ದಲಿಗೂ ತಡೆಯುವ ಮರವಲ್ಲ. ಬಚ್ಚಲ ಹತ್ತಿರ, ಹಸಿ ನೆಲದ ಮೇಲೆ ಇಡಬೇಡಿ.

ಗೆದ್ದಲ ಕಾಟ ಇರುವ ಮನೆಯಾದರೆ ಹಲಸು ನೋಡಿ. ಹಲಸಿನ ಕೆಚ್ಚು ಕುಯ್ದಾಗ ಅರಿಸಿನದ ಬಣ್ಣ, ವರ್ಷ ಕಳೆದಂತೆ ಕಂದು. ಕೆಚ್ಚಿಗೆ ಹುಳ ಬೇಗ ಬಾಯಿ ಹಾಕೋದಿಲ್ಲ. ಹೊರಗಿನ ಬಿಳಿ ಭಾಗ ಮಾತ್ರ ಯಾವ ಮರದ್ದಾದರೂ ಹುಳಕ್ಕೆ ಹಬ್ಬದೂಟ. ತೇಗ, ಬೀಟೆ ಅಂತ ಮೊದಲನೇ ಮಣೆಗೇ ಆಸೆ ಪಡಬೇಡಿ. ಕೈ ಕೂರುವ ಮುಂಚೆ ಅಷ್ಟು ಬೆಲೆಯ ಮರ ಹಾಳು ಮಾಡುವುದು ಪಾಪ.

ಕಾನೂನಿನ ಮಾತೂ ಒಂದಿದೆ. 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯಿದೆಯಲ್ಲಿ ಸಿಲ್ವರ್ ಓಕ್, ನೀಲಗಿರಿ, ತೆಂಗು, ಅಡಿಕೆಯಂಥ ಮರಗಳನ್ನು ಕಡಿಯುವ ಅನುಮತಿಯಿಂದ ಹೊರಗಿಟ್ಟಿದ್ದಾರೆ. ತೇಗ, ಬೀಟೆಗೆ ಆ ರಿಯಾಯಿತಿ ಇಲ್ಲ. ಯಾರೋ ಸಂಜೆಗತ್ತಲಲ್ಲಿ ಸ್ಕೂಟರಿನ ಮೇಲೆ ‘ಬೀಟೆ ತುಂಡು ಇದೆ ಅಣ್ಣಾ, ಬೇಕಾ?’ ಅಂದರೆ ಬೇಡ ಅನ್ನಿ. ಸಾಮಿಲ್ಲಿನಲ್ಲಿ ತಗೊಳ್ಳಿ, ಬಿಲ್ಲು ಕೇಳಿ.

ಕೈಗಾರಿಕಾ ಪ್ರದೇಶಗಳಿಂದ ಗುಜರಿಗೆ ಬರುವ ಪ್ಯಾಕಿಂಗ್ ಪೆಟ್ಟಿಗೆ, ಪ್ಯಾಲೆಟ್ ಮರವೂ ಅಗ್ಗ. ಪರದೇಶದಿಂದ ಬಂದದ್ದಾದರೆ ಅದರ ಮೈಮೇಲೆ ಗೋಧಿ ತೆನೆಯ ಗುರುತಿರುವ ಒಂದು ಮುದ್ರೆ ಇರುತ್ತೆ. ಮುದ್ರೆಯಲ್ಲಿ ‘ಎಚ್.ಟಿ.’ ಅಂತಿದ್ದರೆ ಹುಳ ಸಾಯಲೆಂದು ಮರದ ತಿರುಳಿನವರೆಗೆ 56 ಡಿಗ್ರಿ ಶಾಖವನ್ನು 30 ನಿಮಿಷ ಕೊಟ್ಟಿದ್ದಾರೆ ಅಂತ ಅರ್ಥ. ಧಾರಾಳವಾಗಿ ತಗೊಳ್ಳಿ. ‘ಎಂ.ಬಿ.’ ಅಂತಿದ್ದರೆ ಮಿಥೈಲ್ ಬ್ರೋಮೈಡ್ ಎಂಬ ವಿಷದ ಹೊಗೆ ಹಾಕಿದ ಮರ. ಅಡುಗೆ ಮನೆಗೂ ಮಕ್ಕಳ ಕೋಣೆಗೂ ಬೇಡ. ಮುದ್ರೆಯೇ ಇಲ್ಲ, ಮೇಲೆ ಎಣ್ಣೆಯ ಕಲೆ ಇದೆ, ಮೂಗಿಗೆ ಏನೋ ಘಾಟು ಅಂದರೆ ಅದನ್ನು ಗುಜರಿಯವರಿಗೇ ಬಿಟ್ಟುಬಿಡಿ.

ಲೆಕ್ಕ ಬಾಯಿಗೆ ಬರಲಿ

ಸಾಮಿಲ್ಲಿನಲ್ಲಿ ಮರ ಕೊಡುವುದು ಘನ ಅಡಿ ಲೆಕ್ಕದಲ್ಲಿ, ಅವರ ಭಾಷೆಯಲ್ಲಿ ಸಿ.ಎಫ್.ಟಿ. ಲೆಕ್ಕ ಗೊತ್ತಿಲ್ಲದವನು ಅಲ್ಲಿ ಸುಮ್ಮನೆ ತಲೆಯಾಡಿಸಿ ದುಡ್ಡು ಕೊಟ್ಟು ಬರುತ್ತಾನೆ. ಕಲಿಯೋಕೆ ಒಂದು ನಿಮಿಷ ಸಾಕು. ಉದ್ದ ಅಡಿಯಲ್ಲಿ, ಅಗಲ ಇಂಚಿನಲ್ಲಿ, ದಪ್ಪ ಇಂಚಿನಲ್ಲಿ. ಮೂರನ್ನೂ ಗುಣಿಸಿ 144ರಿಂದ ಭಾಗಿಸಿ. 3 ಅಡಿ ಉದ್ದ, 9 ಇಂಚು ಅಗಲ, 1 ಇಂಚು ದಪ್ಪದ ಹಲಗೆ: 3×9×1 ಅಂದರೆ 27, 144ರಿಂದ ಭಾಗಿಸಿದರೆ 0.1875. ಅಂಥ ಮೂರು ಹಲಗೆ ಸೇರಿದರೆ ಅರ್ಧ ಘನ ಅಡಿ ಮೇಲೆ ಚೂರು. ಅಂದಿನ ದರದಿಂದ ಗುಣಿಸಿಕೊಳ್ಳಿ.

ಇನ್ನೊಂದು: ಒಂದಿಂಚು ಅಂತ ಕುಯ್ದ ಹಲಗೆ ಎರಡೂ ಕಡೆ ಕೀಸಿದ ಮೇಲೆ ಮುಕ್ಕಾಲು ಇಂಚಿಗೆ ಇಳಿಯುತ್ತೆ. ಆ ಕಾಲಿಂಚಿಗೂ ದುಡ್ಡು ಕೊಟ್ಟಿರುತ್ತೀರಿ. ಮೋಸವಲ್ಲ, ಕಸುಬಿನ ಪದ್ಧತಿ.

ಹಲಗೆ ಒಣಗಿದೆಯೇ?

ಈಗ ಬಂತು ನೋಡಿ ಮುಖ್ಯ ಸಂಗತಿ. ಸಾಮಿಲ್ಲಿನವರನ್ನು ‘ಒಣಗಿದೆಯಾ?’ ಅಂದರೆ ‘ಚೆನ್ನಾಗಿ ಒಣಗಿದೆ ಸಾರ್’ ಅಂತಲೇ ಅಂತಾರೆ. ಹಸಿ ಹಲಗೆಯಲ್ಲಿ ಮಾಡಿದ ಮಣೆ ಮೂರು ತಿಂಗಳಲ್ಲಿ ದೋಣಿಯಾಗುತ್ತೆ, ಬಿರುಕು ಬಿಡುತ್ತೆ, ಮೊಳೆ ಸಡಿಲವಾಗುತ್ತೆ. ಆಗ ಪಾಪ, ಮಾಡಿದವನು ತನ್ನ ಕೈಯನ್ನೇ ಬೈದುಕೊಳ್ಳುತ್ತಾನೆ!

ಒಣಗಿದ್ದು ತಿಳಿಯೋಕೆ ಅಂಗಡಿಯವರ ಬಳಿ ಆಗಲೇ ಒಂದು ಯಂತ್ರವಿದೆ: ತಕ್ಕಡಿ. ಹಲಗೆಯನ್ನು ತೂಗಿ, ತೂಕವನ್ನೂ ತಾರೀಖನ್ನೂ ಹಲಗೆಯ ಮೇಲೇ ಪೆನ್ಸಿಲಿನಲ್ಲಿ ಬರೆಯಿರಿ. ವಾರ ಬಿಟ್ಟು ಮತ್ತೆ ತೂಗಿ. ಕಡಿಮೆಯಾಗಿದ್ದರೆ ನೀರು ಇನ್ನೂ ಹೋಗುತ್ತಾ ಇದೆ ಅಂತ. ಎರಡು ಮೂರು ವಾರ ತೂಕ ಅಲ್ಲೇ ನಿಂತರೆ ಹಲಗೆ ಮನೆಯ ಹವೆಗೆ ಹೊಂದಿಕೊಂಡಿತು, ಗರಗಸ ತಗೊಳ್ಳಿ. ಒಂದಿಂಚು ದಪ್ಪದ ಹಸಿ ಹಲಗೆ ನೆರಳಲ್ಲಿ ಒಣಗೋಕೆ ಸುಮಾರು ಒಂದು ವರ್ಷ ಅಂತ ಹಳಬರ ಲೆಕ್ಕ. ಬಿಸಿಲಿಗೆ ಹಾಕಿ ಅವಸರ ಮಾಡಿದರೆ ಸೀಳುತ್ತೆ. ಹಲಗೆ ಹಲಗೆ ನಡುವೆ ರೀಪರ್ ತುಂಡು ಕೊಟ್ಟು ಗಾಳಿಯಾಡುವಂತೆ ಪೇರಿಸಿ, ಎರಡು ತುದಿಗೂ ಹಳೇ ಪೇಂಟು ಬಳಿಯಿರಿ. ನೀರು ತುದಿಯಿಂದ ಬೇಗ ಓಡುತ್ತೆ, ಅದಕ್ಕೇ ಸೀಳು ಮೊದಲು ಅಲ್ಲಿ. ವರ್ಷ ಕಾಯೋಕೆ ಆಗದವರು ಕಟ್ಟಡ ಕೆಡವಿದಲ್ಲಿ ಸಿಗುವ ಹಳೇ ಹಲಗೆ ತರಲಿ. ಅದು ಒಣಗಿ ಎಷ್ಟೋ ಕಾಲವಾಗಿರುತ್ತೆ. ಒಳಗೆ ಮುರಿದ ಮೊಳೆ ಇದೆಯಾ ಅಂತ ಮಾತ್ರ ಅಯಸ್ಕಾಂತ ಓಡಿಸಿ ನೋಡಿ.

ಒಣಗಿದ ಮರವೂ ಸುಮ್ಮನಿರೋದಿಲ್ಲ. ಮಳೆಗಾಲದಲ್ಲಿ ಬಾಗಿಲು ಬಿಗಿಯಾಗಿ ಬೇಸಿಗೆಯಲ್ಲಿ ಸಡಿಲವಾಗೋದು ಎಲ್ಲರಿಗೂ ಗೊತ್ತು. ಮರ ಹಿಗ್ಗಿ ಕುಗ್ಗುವುದು ಅಗಲಕ್ಕೆ. ಉದ್ದಕ್ಕೆ ಹೆಚ್ಚುಕಮ್ಮಿ ಇಲ್ಲವೇ ಇಲ್ಲ. ಒಂದಡಿ ಅಗಲದ ಹಲಗೆ ಬೇಸಿಗೆಯಿಂದ ಮಳೆಗಾಲಕ್ಕೆ ಎರಡು ಮೂರು ಮಿಲಿಮೀಟರ್ ಅಲ್ಲಾಡಬಹುದು. ಇದು ತಲೆಯಲ್ಲಿದ್ದರೆ ಮಣೆ ಮಾಡೋಣ ಬನ್ನಿ.

ಮೊದಲು ಮಣೆ

ಒಂದೂವರೆ ಅಡಿ ಉದ್ದ, ಒಂದಡಿ ಅಗಲದ ಒಂದು ಹಲಗೆ. ಅಡಿಗೆ ಅಡ್ಡಡ್ಡ ಎರಡು ರೀಪರ್. ಇಷ್ಟೇ ಮಣೆ. ಹೊಸಬರು ರೀಪರಿಗೆ ಉದ್ದಕ್ಕೂ ಫೆವಿಕಾಲ್ ಬಳಿದು ಅಂಟಿಸಿ, ಮೇಲೆ ನಾಲ್ಕು ಮೊಳೆ ಬಿಗಿಯುತ್ತಾರೆ. ರೀಪರ್ ಉದ್ದಕ್ಕೆ ಹಿಗ್ಗೋದಿಲ್ಲ, ಹಲಗೆ ಅಗಲಕ್ಕೆ ಹಿಗ್ಗುತ್ತೆ. ಇಬ್ಬರ ಜಗಳದಲ್ಲಿ ಹಲಗೆ ಸೀಳುತ್ತೆ. ಅಂಟು ಬೇಡ. ಸ್ಕ್ರೂ ಹಾಕಿ, ನಡುವಿನ ಸ್ಕ್ರೂ ಬಿಗಿ, ಅಂಚಿನ ಎರಡಕ್ಕೆ ರೀಪರಿನಲ್ಲಿ ತೂತು ಚೂರು ದೊಡ್ಡದು. ಹಲಗೆಗೆ ಉಸಿರಾಡೋಕೆ ಜಾಗ ಸಿಕ್ಕಿತು.

ಸ್ಕ್ರೂ ಹಾಕುವ ಮುಂಚೆ ಅದಕ್ಕಿಂತ ಸಣ್ಣ ತೂತು ಕೊರೆಯಬೇಕು, ಇಲ್ಲದಿದ್ದರೆ ಅಂಚು ಸೀಳುತ್ತೆ. ಸ್ಕ್ರೂ ತುದಿಗೆ ಬಟ್ಟೆ ಸೋಪು ಉಜ್ಜಿಕೊಂಡರೆ ಸಲೀಸಾಗಿ ಇಳಿಯುತ್ತೆ. ಹತಾರಗಳ ದೊಡ್ಡ ಪಟ್ಟಿ ಬೇಡ: ಟೇಪು, ಮೂಲೆಮಟ್ಟ, ಕೈಗರಗಸ, ಸುತ್ತಿಗೆ, ಸ್ಕ್ರೂಡ್ರೈವರ್, ಒಂದು ಉಳಿ, ಉಪ್ಪುಕಾಗದ. ಡ್ರಿಲ್ಲಿಂಗ್ ಮೆಷಿನ್ ಬಾಡಿಗೆಗೆ ತನ್ನಿ, ಇಲ್ಲವೇ ಗೆಳೆಯರದ್ದು ಎರವಲು. ಕೀಸುಳಿ ಕೊಳ್ಳುವ ಅವಸರ ಬೇಡ. ಅದನ್ನು ಹರಿತ ಮಾಡೋದೇ ಒಂದು ವಿದ್ಯೆ, ಸಾಮಿಲ್ಲಿನಲ್ಲೇ ಕೀಸಿಸಿಕೊಳ್ಳಿ. ಉಳಿ ಹಿಡಿದಾಗ ಎಡಗೈ ಯಾವತ್ತೂ ಉಳಿಯ ಬಾಯಿಗೆ ಎದುರಾಗಿ ಇರಕೂಡದು. ಉಪ್ಪುಕಾಗದ ಮೊದಲು 80 ನಂಬರು, ಆಮೇಲೆ 120, ಕೊನೆಗೆ 180; ನಾರು ಓಡುವ ದಿಕ್ಕಿಗೇ ಉಜ್ಜಿ. ಅಡ್ಡ ಉಜ್ಜಿದರೆ ಪಾಲಿಷ್ ಬಿದ್ದ ಮೇಲೆ ಬೆಕ್ಕು ಪರಚಿದ ಹಾಗೆ ಕಾಣಿಸುತ್ತೆ.

ಗೋಡೆಯ ಸಮಾಚಾರ

ನಾಗಂದಿಗೆಯಲ್ಲಿ ಮರದ ಕೆಲಸ ಕಡಿಮೆ, ಲೆಕ್ಕಾಚಾರ ಜಾಸ್ತಿ. ಒಂದು ಲೀಟರಿನ ಎಣ್ಣೆ ಪ್ಯಾಕೆಟ್ಟು ಸುಮಾರು 900 ಗ್ರಾಂ ಚಿಲ್ಲರೆ. ಮೂರಡಿ ಹಲಗೆಯ ಮೇಲೆ 30 ಪ್ಯಾಕೆಟ್ ಜೋಡಿಸಿದರೆ 27 ಕಿಲೋ ಆಯಿತು. ಅರ್ಧ ಮೂಟೆ ಸಿಮೆಂಟು ತಲೆಯ ಮೇಲೆ ನೇತುಹಾಕಿದಂತೆ! ಮನೆಯವರು ‘ನಮ್ಮದು ಬರೀ ಪುಸ್ತಕ’ ಅನ್ನಬಹುದು. ಒತ್ತಾಗಿ ಜೋಡಿಸಿದ ಪುಸ್ತಕ ಒಂದಡಿಗೆ ಹತ್ತು ಕಿಲೋ ತೂಗುತ್ತೆ ಸ್ವಾಮಿ.

ಹಲಗೆ ಬಗ್ಗುವ ಲೆಕ್ಕ ವಿಚಿತ್ರ. ಆಸರೆಯಿಂದ ಆಸರೆಗೆ ದೂರ ಎರಡರಷ್ಟಾದರೆ ಅದೇ ಭಾರಕ್ಕೆ ಎರಡರಷ್ಟು ಬಗ್ಗೋದಿಲ್ಲ, ಎಂಟರಷ್ಟು ಬಗ್ಗುತ್ತೆ! ಹಾಗೇ ದಪ್ಪ ಎರಡರಷ್ಟಾದರೆ ಬಗ್ಗು ಎಂಟರಲ್ಲಿ ಒಂದು ಪಾಲಿಗೆ ಇಳಿಯುತ್ತೆ. ಆದ್ದರಿಂದ ನಾಲ್ಕಡಿ ಹಲಗೆಗೆ ಎರಡು ತುದಿಯಲ್ಲಿ ಎರಡು ಬ್ರಾಕೆಟ್ ಕೊಟ್ಟು ಸುಮ್ಮನಾಗಬೇಡಿ, ನಡುವೆ ಇನ್ನೊಂದು ಹಾಕಿ. ದಪ್ಪ ಮರಕ್ಕೆ ದುಡ್ಡಿಲ್ಲವೇ? ಹಲಗೆಯ ಮುಂಭಾಗದ ಅಂಚಿನ ಅಡಿಗೆ ಎರಡಿಂಚಿನ ರೀಪರನ್ನು ನಿಲುವಾಗಿ, ಉದ್ದಕ್ಕೂ ಹೊಡೆಯಿರಿ. ಹಲಗೆಗೆ ಬೆನ್ನುಮೂಳೆ ಬಂದ ಹಾಗೆ.

ಎಲ್ ಆಕಾರದ ಬ್ರಾಕೆಟ್ಟಿಗೆ ಒಂದು ಕೈ ಉದ್ದ, ಒಂದು ಗಿಡ್ಡ. ನೂರಕ್ಕೆ ಎಷ್ಟೋ ಮನೆಗಳಲ್ಲಿ ಗಿಡ್ಡ ಕೈ ಗೋಡೆಗೆ, ಉದ್ದ ಕೈ ಹಲಗೆಗೆ! ತಿರುಗಿಸಿ. ಉದ್ದದ್ದು ಗೋಡೆಯ ಮೇಲೆ ಕೆಳಮುಖವಾಗಿ ಇಳಿಯಬೇಕು. ಹಲಗೆಯ ಭಾರ ಮೇಲಿನ ಸ್ಕ್ರೂವನ್ನು ಕೀಳಲು ನೋಡುತ್ತೆ; ಗೋಡೆಯ ಮೇಲಿನ ಕೈ ಉದ್ದವಿದ್ದಷ್ಟೂ ಆ ಎಳೆತ ಕಡಿಮೆ.

ಇನ್ನು ಗೋಡೆ. ಬೆರಳು ಗಂಟಿನಿಂದ ತಟ್ಟಿ ನೋಡಿ. ಟೊಳ್ಳು ಸದ್ದು ಬಂದರೆ ಗಿಲಾವು ಕಳಚಿದೆ, ಇಲ್ಲವೇ ಟೊಳ್ಳು ಬ್ಲಾಕು. ಅಲ್ಲಿ ಮಾಮೂಲಿ ಪ್ಲಗ್ಗು ನಿಲ್ಲೋದಿಲ್ಲ. ಇಟ್ಟಿಗೆ, ಗಟ್ಟಿ ಬ್ಲಾಕಿನ ಗೋಡೆಯಾದರೆ ಡ್ರಿಲ್ಲಿನಲ್ಲಿ ಕೊರೆದು ಪ್ಲಾಸ್ಟಿಕ್ ರಾವಲ್ ಪ್ಲಗ್ ಕೂರಿಸಿ. ಗಿಲಾವು ಅರ್ಧದಿಂದ ಮುಕ್ಕಾಲು ಇಂಚು ಇರುತ್ತೆ, ಅದಕ್ಕೆ ಶಕ್ತಿ ಇಲ್ಲ. ಅದನ್ನು ದಾಟಿ ಇಟ್ಟಿಗೆಯ ಒಳಗೆ ಒಂದೂವರೆ ಇಂಚು ಹೋಗಬೇಕು. ಬರೀ ಮೊಳೆ ಬಡಿದು ‘ಬಿಗಿಯಾಯಿತು’ ಅಂದರೆ ಅದು ಗಿಲಾವು ಹಿಡಿದುಕೊಂಡ ಬಿಗಿ, ಒಂದು ದಿನ ಹೆಪ್ಪುಸಮೇತ ಬರುತ್ತೆ. ಸ್ವಿಚ್ ಬೋರ್ಡಿನ ನೇರ ಮೇಲೆ, ನೇರ ಕೆಳಗೆ ಕೊರೆಯಲೇಬೇಡಿ; ವೈರಿನ ಪೈಪು ಅಲ್ಲೇ ಹೋಗಿರುತ್ತೆ. ಹಳೇ ಮಣ್ಣಿನ ಗೋಡೆಗೆ ಪ್ಲಗ್ಗಿನ ಸಹವಾಸವೇ ಬೇಡ, ಭಾರವನ್ನು ನೆಲಕ್ಕೆ ಇಳಿಸುವ ನಿಲ್ಲುವ ಗೂಡು ಮಾಡಿ.

ಹೊಡೆದಾದ ಮೇಲೆ ಅಕ್ಕಿಯ 25 ಕಿಲೋ ಮೂಟೆಯನ್ನು ಮೆಲ್ಲಗೆ ಇಟ್ಟು ಒಂದು ಇಡೀ ದಿನ ಬಿಡಿ. ಆ ದಿನ ಕೆಳಗೆ ಯಾರೂ ಕೂರಬಾರದು. ಹಾಗೆ ನೋಡಿದರೆ ಹಾಸಿಗೆ, ತೊಟ್ಟಿಲ ಮೇಲೆ ನಾಗಂದಿಗೆಯೇ ಬೇಡ. ಜಾಗ ಇಲ್ಲ ಅಂದರೆ ಜಾಗ ಇಲ್ಲ ಅಷ್ಟೆ.

ಅರ್ಧ ಹಾಳೆಯಲ್ಲಿ ಒಂದು ಗೂಡು

ಪ್ಲೈವುಡ್ ಹಾಳೆ 8 ಅಡಿ ಉದ್ದ, 4 ಅಡಿ ಅಗಲ. ಅರ್ಧ ಹಾಳೆ, ಅಂದರೆ 4ಕ್ಕೆ 4, ತುಂಡು ಮಾರುವ ಅಂಗಡಿಯಲ್ಲಿ ಸಿಕ್ಕರೆ ಸಾಕು. 18 ಮಿ.ಮೀ. ದಪ್ಪದ್ದು ತಗೊಳ್ಳಿ. ಐ.ಎಸ್. 303 ಅಂತ ಅಚ್ಚಿದ್ದರೆ ಮನೆ ಒಳಗಿನ ಮಾಮೂಲಿ ಉಪಯೋಗದ ಮಾಲು, ಐ.ಎಸ್. 710 ಅಂದರೆ ಮರೈನ್, ನೀರಿಗೆ ತಡೆಯುವಂಥದ್ದು. ಅಡುಗೆ ಮನೆ ಸಿಂಕಿನ ಹತ್ತಿರ ಅಲ್ಲದಿದ್ದರೆ 710ಕ್ಕೆ ದುಡ್ಡು ಸುರಿಯಬೇಕಾಗಿಲ್ಲ. ಪ್ಲೈವುಡ್ಡಿನಲ್ಲಿ ತೆಳು ಪದರಗಳನ್ನು ಒಂದು ಉದ್ದಕ್ಕೆ ಒಂದು ಅಡ್ಡಕ್ಕೆ ಅಂಟಿಸಿರುವುದರಿಂದ ಹಿಗ್ಗು-ಕುಗ್ಗಿನ ತಲೆನೋವಿಲ್ಲ. ಇಲ್ಲಿ ಧೈರ್ಯವಾಗಿ ಅಂಟು ಬಳಿಯಬಹುದು.

4ಕ್ಕೆ 4ರ ಹಾಳೆಯನ್ನು ಅಂಗಡಿಯ ಮೆಷಿನ್ನಿನಲ್ಲೇ ಒಂದೊಂದು ಅಡಿಯ ನಾಲ್ಕು ಪಟ್ಟಿ ಕುಯ್ಯಿಸಿ. ಬ್ಲೇಡು ಚೂರು ತಿನ್ನುತ್ತೆ, ಚಿಂತೆಯಿಲ್ಲ, ನಾಲ್ಕೂ ಸಮ ಇದ್ದರೆ ಸರಿ. ಎರಡು ಪಟ್ಟಿಯಿಂದ ಮೂರು ಮೂರಡಿ ತೆಗೆಯಿರಿ. ಅವು ಎರಡು ಪಕ್ಕ. ಮಿಕ್ಕ ಎರಡು ಪಟ್ಟಿಯನ್ನು ಸರಿಯಾಗಿ ಅರ್ಧ ಮಾಡಿ. ಎರಡೆರಡು ಅಡಿಯ ನಾಲ್ಕು ತುಂಡು. ಮೇಲೊಂದು, ಕೆಳಗೊಂದು, ನಡುವೆ ಎರಡು. ಮೂರಡಿ ಎತ್ತರ, ಮೂರು ಅಂತಸ್ತಿನ ಗೂಡು ಸಿದ್ಧ. ಉಳಿದ ಒಂದಡಿಯ ಎರಡು ತುಂಡನ್ನು ಸೀಳಿ ಅಡಿಗೆ ಕಾಲು ಕೊಡಿ, ನೆಲ ಒರೆಸುವ ನೀರಿಗೆ ಗೂಡು ಸಿಗಬಾರದು.

ಬರೀ ಈ ಆರು ತುಂಡು ಜೋಡಿಸಿ ನಿಲ್ಲಿಸಿದರೆ ಗೂಡು ಕುಡಿದವನ ಹಾಗೆ ತೂರಾಡುತ್ತೆ. ಅದನ್ನು ನೆಟ್ಟಗೆ ನಿಲ್ಲಿಸುವುದು ಬೆನ್ನಿಗೆ ಹೊಡೆಯುವ 6 ಮಿ.ಮೀ.ನ ತೆಳು ಹಾಳೆ. ಹೊಸಬರು ದುಡ್ಡು ಉಳಿಸೋಕೆ ಬಿಡುವುದು ಇದನ್ನೇ! ಬಿಡಬೇಡಿ. ಬೆನ್ನು ಹೊಡೆಯುವ ಮುಂಚೆ ಮೂಲೆಯಿಂದ ಎದುರು ಮೂಲೆಗೆ ಟೇಪು ಹಿಡಿಯಿರಿ, ಆಮೇಲೆ ಇನ್ನೊಂದು ಜೋಡಿ ಮೂಲೆ. ಎರಡೂ ಅಳತೆ ಒಂದೇ ಬಂದರೆ ಗೂಡು ಚೌಕ. ಹೆಚ್ಚುಕಮ್ಮಿ ಇದ್ದರೆ ಉದ್ದ ಬಂದ ಮೂಲೆಗಳನ್ನು ಒತ್ತಿ ಸರಿಮಾಡಿ, ಆಗ ಮೊಳೆ. ಗಾರೆಯವರು ಪಾಯ ಹಾಕುವಾಗ 3-4-5ರ ದಾರ ಹಿಡಿಯುತ್ತಾರಲ್ಲ, ಅದೇ ಜಾತಿಯ ಉಪಾಯ. ಅಂಟು ಒಂದು ರಾತ್ರಿ ಒಣಗಲಿ. ಮಕ್ಕಳಿರುವ ಮನೆಯಲ್ಲಿ ಗೂಡಿನ ತಲೆಯನ್ನು ಒಂದು ಕ್ಲಾಂಪಿನಿಂದ ಗೋಡೆಗೆ ಹಿಡಿಸಿ. ಮಕ್ಕಳಿಗೆ ಗೂಡು ಅಂದರೆ ಏಣಿ.

ಬಡಗಿಗಳ ಅನ್ನಕ್ಕೆ ಕಲ್ಲು ಹಾಕ್ತೀರಾ ಅಂತ ಕೇಳುವವರಿದ್ದಾರೆ. ಬಾಗಿಲು, ಕಿಟಕಿ, ಮಂಚ ಯಾರೂ ಮನೆಯಲ್ಲಿ ಮಾಡೋದಿಲ್ಲ. ಒಂದು ಮಣೆ ಮಾಡಿ ನೋಡಿದವನು ಬಡಗಿಯ ಕೂಲಿಗೆ ಚೌಕಾಸಿ ಮಾಡೋದು ಬಿಡುತ್ತಾನೆ, ಅದೇ ಲಾಭ. ಕಸುಬಿನವರಿಗೇ ಅಂತ 2023ರ ಸೆಪ್ಟೆಂಬರ್ 17ರಂದು ಶುರುವಾದ ಪಿ.ಎಂ. ವಿಶ್ವಕರ್ಮ ಯೋಜನೆಯ 18 ಕಸುಬುಗಳಲ್ಲಿ ಬಡಗಿತನವೂ ಇದೆ. ತರಬೇತಿಗೆ ದಿನಕ್ಕೆ 500 ರೂಪಾಯಿ, ಹತಾರಕ್ಕೆ 15,000 ರೂಪಾಯಿ, ಶೇ. 5ರ ಬಡ್ಡಿಗೆ ಮೊದಲು ಒಂದು, ಆಮೇಲೆ ಎರಡು ಲಕ್ಷ ಸಾಲ ಅಂತ ಅದರಲ್ಲಿ ಹೇಳಿದೆ. ಮನೆಗೆ ಒಬ್ಬರಿಗೆ ಮಾತ್ರ. ಭಾನುವಾರದ ಬಡಗಿಗಳಿಗೆ ಇಲ್ಲ!

ಪಾಲಿಷ್ ಬಗ್ಗೆ ಒಂದು ಎಚ್ಚರಿಕೆ. ಸಿಲ್ವರ್ ಓಕಿಗೆ ಅಗಸೆ ಎಣ್ಣೆ ಚೆನ್ನಾಗಿ ಒಪ್ಪುತ್ತೆ, ಅಗ್ಗವೂ ಹೌದು. ಆದರೆ ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ. ಅಗಸೆ ಎಣ್ಣೆ ಒಣಗುವಾಗ ಬಿಸಿಯಾಗುತ್ತೆ, ಮುದ್ದೆಯೊಳಗೆ ಆ ಬಿಸಿ ಕೂಡಿ ತಾನಾಗಿ ಬೆಂಕಿ ಹತ್ತಿಕೊಳ್ಳಬಹುದು. ಬಿಚ್ಚಿ ಹೊರಗೆ ತಂತಿಯ ಮೇಲೆ ಹರವಿ ಒಣಗಿಸಿ, ಆಮೇಲೆ ಬಿಸಾಕಿ.

ಬಾಡಿಗೆದಾರರು ಗೋಡೆ ಕೊರೆಯುವ ಮುಂಚೆ ಮನೆ ಓನರನ್ನು ಒಂದು ಮಾತು ಕೇಳಿಬಿಡಿ. ಖಾಲಿ ಮಾಡುವಾಗ ಪ್ಲಗ್ಗು ಕಿತ್ತು, ತೂತಿಗೆ ಬಿಳಿ ಸಿಮೆಂಟು ತುಂಬಿ ಉಪ್ಪುಕಾಗದ ಉಜ್ಜಿದರೆ ಅಡ್ವಾನ್ಸಿನಲ್ಲಿ ಹಿಡಿಯೋಕೆ ಅವರಿಗೆ ನೆಪ ಸಿಗೋದಿಲ್ಲ. ನಾಗಂದಿಗೆಯ ಹಲಗೆ, ಬ್ರಾಕೆಟ್ಟು, ಗೂಡು ಎಲ್ಲಾ ಲಗೇಜ್ ಆಟೋದಲ್ಲಿ ಹಿಡಿಸುತ್ತೆ.